ಬೆನ್ನೆಣಿಕೆ

ಬೈಂಡಿಂಗ್ ಕೋಣೆ, ನೆಲಮಾಳಿಗೆ
ಹದಿನೇಳನೇ ತಾರೀಖು, ಬುಧವಾರ, ಊಟದ ಬಿಡುವು

ಅಣ್ಣನಿಗೆ, ಪಕ್ಕದಲ್ಲಿ ಯಾರಾದರೂ ಕೂತಿದ್ದರೆ ಸರ್ ಅವರಿಗೆ, ತಂಗಿಯ ನಮಸ್ಕಾರ.

ನಾನು ಕ್ಷೇಮ. ಅಮ್ಮ ಕ್ಷೇಮ. ನೀನು ನಾಳೆ ಹನ್ನೊಂದು ಗಂಟೆಯ ತನಕ ಕ್ಷೇಮ.

ನಿನ್ನೆ ನೀನು ಕೆಳಗೆ ಬಂದು ಒಂದು ಕೆಲಸ ಹೇಳಿದೆ. ನಾನು ಹೂಂ ಅನ್ನಲಿಲ್ಲ, ಊಹೂಂ ಅನ್ನಲಿಲ್ಲ, ದಾರಕ್ಕೆ ಮೇಣ ಸವರುತ್ತ ನಿಂತಿದ್ದೆ. ನೀನು ಅದನ್ನು ಒಪ್ಪಿಗೆಯೆಂದು ತಿಳಿದು, ಕನ್ನಡಕ ಒರೆಸಿಕೊಂಡು, ಹಗುರಾಗಿ ಮೆಟ್ಟಿಲು ಹತ್ತಿದೆ. ಮೌನ ಸಮ್ಮತಿ ಲಕ್ಷಣ ಎಂಬ ಮಾತನ್ನು ಯಾರು ಕಟ್ಟಿದರೋ, ಅವರ ಮನೆಯಲ್ಲಿ ನನ್ನಂಥ ನಾಚಿಕೆಯ ಹುಡುಗಿ ಇದ್ದಿರಲಾರಳು. ಎದುರಿಗೆ ಮನುಷ್ಯರಿದ್ದರೆ ನನ್ನ ನಾಲಿಗೆ ಅಂಗುಳಕ್ಕೆ ಅಂಟಿಕೊಳ್ಳುತ್ತದೆ. ಕಾಗದದ ಎದುರು ಹಾಗಾಗುವುದಿಲ್ಲ. ನೀನು ಕೇಳಿದ್ದಕ್ಕೆ ಇದು ಉತ್ತರ.

ಮೊದಲು ನಿನ್ನೆ ನಡೆದದ್ದನ್ನು ಬರೆದಿಡುತ್ತೇನೆ, ಏಕೆಂದರೆ ನಡೆದದ್ದನ್ನು ನಿನಗೆ ಅನುಕೂಲವಾದ ಹಾಗೆ ನೆನಪಿಟ್ಟುಕೊಳ್ಳುವುದು ನಿನ್ನ ಕಸುಬು. ನೀನು ಕರವಸ್ತ್ರದಿಂದ ಮೂಗು ಮುಚ್ಚಿಕೊಂಡು ಬಂದೆ. ಅಂಟಿನ ವಾಸನೆ ನಿನಗೆ ಆಗದು. ಕತ್ತರಿ ಯಂತ್ರದ ಯಜಮಾನರು ಅಲ್ಲೇ ಇದ್ದರು, ಆದ್ದರಿಂದ ನಾನು ನಿನಗೆ ಯಾರೂ ಆಗಿರಲಿಲ್ಲ. "ಏನಮ್ಮಾ, ಕೆಲಸ ಎಲ್ಲ ಹೇಗೆ ನಡೀತಿದೆ?" ಎಂದೆ. ಅವರು ಟೀ ಕುಡಿಯಲು ಹೊರಗೆ ಹೋದರು. ಬಾಗಿಲು ಮುಚ್ಚಿದ ಸದ್ದು ಕೇಳಿದ ಮೇಲೆ ನೀನು "ಸೂಜೀ" ಎಂದೆ.

ನಾಲ್ಕು ವರ್ಷದಲ್ಲಿ ಈ ಕಟ್ಟಡದಲ್ಲಿ ಆ ಹೆಸರು ನಾನು ಕೇಳಿರಲಿಲ್ಲ. ಚಿಕ್ಕಂದಿನಲ್ಲಿ ಸಣಕಲಿಯೂ ಮೂಗಿಯೂ ಆಗಿದ್ದ ನನಗೆ ನೀನೇ ಇಟ್ಟ ಹೆಸರು. ಒಂದು ಕ್ಷಣ ಎದೆ ಹಿಗ್ಗಿತು, ಸುಳ್ಳು ಹೇಳುವುದಿಲ್ಲ. ಆಮೇಲೆ ನೀನು ಮಾತು ಮುಂದುವರಿಸಿದೆ.

"ಸೂಜೀ, ಕಲ್ಲುಹೂವಿನ ಕಪಾಟಲ್ಲಿ ಹನ್ನೊಂದು ಬುಕ್ಕಿದ್ದಿದ್ದು ಇಪ್ಪತ್ತೆರಡಾಗಿ ಕೂತಿದೆಯಲ್ಲೇ. ಯಾರೇ ಬಿಚ್ಚಿದ್ದು? ನೀನೇ ತಾನೆ? ನೋಡು, ರಿಪೋರ್ಟು ಪ್ರಿಂಟಾಗಿ ಬಂದಿದೆ. ಅದನ್ನ ಬದಲಾಯ್ಸೋದು ಕಷ್ಟ, ಬುಕ್ಕು ಬದಲಾಯ್ಸೋದು ಸುಲಭ. ಇವತ್ತು ನಾಳೇಲಿ ಮತ್ತೆ ಎರಡೆರಡು ಸೇರ್ಸಿ ಹೊಲ್ದುಬಿಡು. ಗುರುವಾರ ಕಮಿಟಿ ಮೆಂಬರುಗಳು ಕಪಾಟು ನೋಡ್ತೀವಿ ಅಂತ ಎದ್ರೆ ನಾನು ಮುಖ ಎಲ್ಲಿಟ್ಕೊಳ್ಲಿ?"

ಕಾಲಿಗೆ ಚಪ್ಪಲಿ ಸರಿಹೋಗದಿದ್ದರೆ ಕಾಲನ್ನು ಕೆತ್ತಿಸಿಕೊಂಡವನ ಕಥೆ ಅಮ್ಮ ಹೇಳುತ್ತಿದ್ದಳು. ಅವನು ದಡ್ಡನಾದರೂ ಪ್ರಾಮಾಣಿಕ. ಕೆತ್ತಿಸಿದ್ದು ಅವನದೇ ಕಾಲು. ನೀನು ಇನ್ನೊಬ್ಬರ ಕಾಲು ಕೆತ್ತಲು ಬಂದಿದ್ದೆ. ಉಳಿ ಹಿಡಿಯಲು ನನಗೆ ಹೇಳಿದೆ.

ನಿನಗೆ ಗೊತ್ತಿರುವುದನ್ನೇ ನಿನಗೆ ಬರೆಯುವುದು ಹುಚ್ಚು ಅನ್ನಿಸಬಹುದು. ಆದರೆ ನಾನು ಐದನೇ ಕ್ಲಾಸಿನವಳು. ಮೊದಲಿನಿಂದ ಹಿಡಿದರೇ ನನ್ನ ಕೈ ಓಡುವುದು.

ಮೂರನೇ ಮಹಡಿಯಲ್ಲಿ ನಿನ್ನ ಏರಿಳಿತ ವಿಭಾಗವಿದೆ. ಬಾಗಿಲಿನ ಮೇಲಿನ ಹಿತ್ತಾಳೆ ಹಲಗೆಯನ್ನು ದಿನವೂ ಉಜ್ಜುತ್ತಾರೆ. ಮೂವತ್ತೆರಡು ಶಾಸ್ತ್ರಗಳಲ್ಲಿ ಯಾವುದರ ಸಂಶೋಧನೆ ಏರಿತು, ಯಾವುದರದು ಇಳಿಯಿತು ಎಂದು ಅಳೆದು ಎರಡು ವರ್ಷಕ್ಕೊಮ್ಮೆ ವರದಿ ಕೊಡುವುದು ನಿಮ್ಮ ಕೆಲಸ. ಗೋಡೆಯಗಲದ ಹಲಗೆಯ ಮೇಲೆ ಮೂವತ್ತೆರಡು ದಾರ. ಏರಿದವಕ್ಕೆ ಹಸಿರು, ಇಳಿದವಕ್ಕೆ ಕೆಂಪು. ಸಮಿತಿಯವರು ಬಂದು ದಾರ ನೋಡಿ, ಹಸಿರಿನವರಿಗೆ ಇನ್ನೊಂದು ಕೋಣೆ ಕೊಡುತ್ತಾರೆ, ಕೆಂಪಿನವರ ಕೋಣೆ ಕಿತ್ತುಕೊಳ್ಳುತ್ತಾರೆ. ಅಮ್ಮ ಬೀದಿಯಲ್ಲೆಲ್ಲ "ನನ್ನ ಮಗ ಜ್ಞಾನ ಅಳೀತಾನೆ" ಎಂದು ಹೇಳಿಕೊಂಡು ಬಂದಿದ್ದಾಳೆ. ಎದುರು ಮನೆಯ ಇಸ್ತ್ರಿಯವಳು ಒಮ್ಮೆ, "ಕೇಜಿ ಲೆಕ್ಕಾನೋ ಲೀಟರ್ ಲೆಕ್ಕಾನೋ ಅಮ್ಮಾ?" ಎಂದು ಕೇಳಿದಳು. ಅಮ್ಮ ಒಂದು ವಾರ ಅವಳ ಜೊತೆ ಮಾತು ಬಿಟ್ಟಿದ್ದಳು. ಪಾಪ, ಇಸ್ತ್ರಿಯವಳಿಗೆ ನಿಜ ಗೊತ್ತಿದ್ದರೆ ಕೇಜಿ ಲೀಟರುಗಳ ಮಾನ ತೆಗೆಯುತ್ತಿರಲಿಲ್ಲ.

ನಿಜ ಏನೆಂದರೆ ನೀನು ಬೆನ್ನು ಎಣಿಸುತ್ತೀಯ. ಪುಸ್ತಕದ ಹೊಲಿಗೆ ಇರುವ ಬದಿಗೆ ನಾವು ಕೆಳಗಿನವರು ಬೆನ್ನು ಎನ್ನುತ್ತೇವೆ. ಪ್ರತಿಯೊಂದು ಪತ್ರಿಕೆಯ ಒಂದು ವರ್ಷದ ಸಂಚಿಕೆಗಳನ್ನು ಸೇರಿಸಿ, ಹೊಲಿದು, ರಟ್ಟು ಹಾಕಿ, ನಾನು ಮೇಲಕ್ಕೆ ಕಳಿಸುತ್ತೇನೆ. ನೀನು ಕಪಾಟಿನ ಮುಂದೆ ನಡೆಯುತ್ತ, ಪೆನ್ಸಿಲಿನ ಹಿಂಬದಿಯಿಂದ ಬೆನ್ನುಗಳನ್ನು ಟಕ್ ಟಕ್ ಎಂದು ಮುಟ್ಟುತ್ತ ಹೋಗುತ್ತೀಯ. ಹೋದ ಸಲಕ್ಕಿಂತ ಬೆನ್ನು ಹೆಚ್ಚಿದ್ದರೆ ಶಾಸ್ತ್ರ ಏರಿತು. ಕಡಿಮೆಯಿದ್ದರೆ ಇಳಿಯಿತು. ಒಳಗೆ ಎಷ್ಟು ಲೇಖನ, ಯಾರದು, ಹೊಸದೋ ಹಳಸಲೋ, ಯಾವುದೂ ಬೇಡ. ತೆರೆದು ನೋಡಲು ಎರಡು ಕೈ ಬೇಕು. ನಿನ್ನ ಒಂದು ಕೈ ಯಾವಾಗಲೂ ಪ್ಯಾಂಟಿನ ಜೇಬಿನಲ್ಲಿರುತ್ತದೆ.

ಹೋದ ವರದಿ ಮುಗಿದ ತಿಂಗಳು ಕಪಾಟುಗಳಲ್ಲಿ ಜಾಗ ಸಾಲದೆ ನೀನೇ ಕೆಳಗೆ ಒಂದು ಆದೇಶ ಕಳಿಸಿದೆ. ಅದು ಇನ್ನೂ ನಮ್ಮ ಗೋಡೆಯ ಮೊಳೆಯಲ್ಲಿ ತೂಗುತ್ತಿದೆ. ಒಂದು ವರ್ಷದ ಕಟ್ಟು ಎರಡು ಬೆರಳಿಗಿಂತ ತೆಳ್ಳಗಿದ್ದರೆ, ಎರಡು ವರ್ಷದ್ದನ್ನು ಸೇರಿಸಿ ಒಂದೇ ಹೊಲಿಗೆ ಹಾಕತಕ್ಕದ್ದು. ಕೆಳಗೆ ನಿನ್ನ ಸಹಿ, ಬಾಲದಲ್ಲಿ ಎರಡು ಚುಕ್ಕೆ. ನಾನು ಹಾಕಿದೆ. ಕಲ್ಲುಹೂವಿನ ಶಾಸ್ತ್ರದ ಪತ್ರಿಕೆಗಳು ಹನ್ನೊಂದು. ಹಿಂದಿನ ಎರಡು ವರ್ಷಕ್ಕೆ ಇಪ್ಪತ್ತೆರಡು ಬೆನ್ನು. ಈ ಎರಡು ವರ್ಷಕ್ಕೆ, ನಿನ್ನ ಆದೇಶದ ದಯೆಯಿಂದ, ಹನ್ನೊಂದು. ನೀನು ಪೆನ್ಸಿಲು ಹಿಡಿದು ಹೋಗಿ ಎಣಿಸಿ, "ಕಲ್ಲುಹೂವಿನ ಸಂಶೋಧನೆಯಲ್ಲಿ ಅರ್ಧಕ್ಕರ್ಧ ಕುಸಿತ" ಎಂದು ಮೂವತ್ತೊಂದನೇ ಪುಟದಲ್ಲಿ ಅಚ್ಚು ಹಾಕಿಸಿದೆ. ಎರಡು ಚಪಾತಿಯನ್ನು ಒಂದರ ಮೇಲೊಂದಿಟ್ಟು ಮಡಿಸಿ, ಮನೆಯಲ್ಲಿ ಹಿಟ್ಟು ಕಡಿಮೆಯಾಗಿದೆ ಎಂದು ಅಳುವ ಗಂಡಸನ್ನು ನಾನು ಇನ್ನೂ ಕಂಡಿರಲಿಲ್ಲ.

ಏರಿದವರ ಸಂಗತಿ ಇನ್ನೂ ಚೆನ್ನಾಗಿದೆ. ಬ್ಯಾಟರಿ ಶಾಸ್ತ್ರದವರ ದಾರ ಗೋಡೆ ಬಿಟ್ಟು ಚಾವಣಿಗೆ ಹೋಗಿದೆ. ಅವರ ಪತ್ರಿಕೆಗಳು ಈಗ ನುಣುಪು ಕಾಗದದಲ್ಲಿ ಬರುತ್ತವೆ. ಕಾಗದ ದಪ್ಪ, ಸೂಜಿ ಹೋಗದು. ವರ್ಷಕ್ಕೆ ಎರಡು ಕಟ್ಟು ಮಾಡುತ್ತಿದ್ದಲ್ಲಿ ನಾಲ್ಕು ಮಾಡುತ್ತೇನೆ. ಜ್ಞಾನ ಇಮ್ಮಡಿಯಾಯಿತು! ಅಂಟು ಒಣಗುವ ತನಕ ನಾನು ಹಾಳೆ ತಿರುವಿ ನೋಡುತ್ತೇನೆ, ಅದು ನಿನಗೆ ಗೊತ್ತಿಲ್ಲ. ಎಲ್ಲ ಅರ್ಥವಾಗುತ್ತದೆ ಎನ್ನುವುದಿಲ್ಲ. ಚಿತ್ರಗಳು ಅರ್ಥವಾಗುತ್ತವೆ. ಒಡೆದುಹೋದ ಒಂದು ಕಪ್ಪು ತಟ್ಟೆಯ ಚಿತ್ರ ಒಂದೇ ವರ್ಷದಲ್ಲಿ ಐದು ಸಂಚಿಕೆಗಳಲ್ಲಿ ಬಂದಿದೆ, ಒಂದರಲ್ಲಿ ತಲೆಕೆಳಗಾಗಿ. ಅದೇ ಬಿರುಕು, ಅದೇ ಮೂಲೆ. ಒಂದು ಸೌತೆಕಾಯಿಯನ್ನು ಐದು ಹೋಳು ಮಾಡಿ ಐದು ಸೌತೆಕಾಯಿ ಬೆಳೆದೆವೆಂದು ಹೇಳಿದ್ದಾರೆ. ನೀನು ನಂಬಿದ್ದೀಯ. ಇನ್ನೊಂದು ವಿಷಯ: ಕಲ್ಲುಹೂವಿನ ಪತ್ರಿಕೆಗಳ ಕೊನೆಯಲ್ಲಿ ವರ್ಷಕ್ಕೆ ಒಂದಾದರೂ ತಪ್ಪು-ಒಪ್ಪು ಹಾಳೆ ಇರುತ್ತದೆ. ಎಡಗಡೆ ತಪ್ಪು, ಬಲಗಡೆ ಒಪ್ಪು. ಹೋದ ಸಂಚಿಕೆಯಲ್ಲಿ ಹೀಗೆ ಬರೆದಿದ್ದೆವು, ಅದು ಸರಿಯಲ್ಲ, ಹೀಗೆ ಓದಿಕೊಳ್ಳಿ, ಎಂದು. ಬ್ಯಾಟರಿಯವರ ಕಟ್ಟಿನಲ್ಲಿ ನಾಲ್ಕು ವರ್ಷದಿಂದ ಅಂಥ ಒಂದು ಹಾಳೆಯೂ ನನ್ನ ಕೈಗೆ ಸಿಕ್ಕಿಲ್ಲ. ತಪ್ಪನ್ನು ಒಪ್ಪಿಕೊಳ್ಳುವವರ ಪುಸ್ತಕ ತೆಳ್ಳಗಿರುತ್ತದೆ ಎಂದು ಕಾಣುತ್ತದೆ.

ಹೀಗೆ ಮೂವತ್ತೆರಡು ಶಾಸ್ತ್ರಗಳನ್ನು ಏರಿಸಿ ಇಳಿಸಿದವಳು ನಾನು, ಒಂದು ಸೂಜಿಯಿಂದ. ನಿನ್ನ ಹಿತ್ತಾಳೆ ಹಲಗೆಗೆ ನನ್ನ ಹತ್ತಿರ ಕಾಸಿನಷ್ಟೂ ಮರ್ಯಾದೆ ಇಲ್ಲ.

ಈಗ ಒಂಬತ್ತನೇ ಕೋಣೆಯ ವಿಷಯಕ್ಕೆ ಬರುತ್ತೇನೆ. ಅಲ್ಲಿ ಒಬ್ಬರೇ ಇರುವ ಕಲ್ಲುಹೂ ಮೇಡಂ ಅನ್ನು ನೀನು ಕಂಡಿದ್ದೀಯೋ ಇಲ್ಲವೋ. ಅವರ ಬೆನ್ನಿನ ಮೇಲೆ ಅಂಕಿ ಬರೆದಿಲ್ಲ, ಹಾಗಾಗಿ ಕಂಡಿರಲಾರೆ. ಅವರ ಕಿಟಕಿಯ ಹಿಂದೆ, ನೀರಿನ ತೊಟ್ಟಿಯ ಪಕ್ಕ, ಒಂದು ಚಪ್ಪಡಿ ಕಲ್ಲಿದೆ. ಹಳೆಯ ಗೋಡೆಗಳ ಮೇಲೆ ಬೂದು ಹಸಿರು ಮಚ್ಚೆಯಂತೆ ಹಬ್ಬುತ್ತದಲ್ಲ, ಆ ಕಲ್ಲುಹೂವು ಅದರ ಮೇಲೆ ಗುಂಡಗೆ ಬೆಳೆಯುತ್ತಿದೆ. ವರ್ಷಕ್ಕೆ ಒಂದು ದಿನ, ಒಂದೇ ತಾರೀಖಿಗೆ, ಅವರು ಅದರ ಮೇಲೆ ತೆಳುವಾದ ಪಾರದರ್ಶಕ ಹಾಳೆ ಇಟ್ಟು ಅಂಚನ್ನು ಬರೆದುಕೊಳ್ಳುತ್ತಾರೆ. ಇಪ್ಪತ್ತಮೂರು ವರ್ಷ, ಇಪ್ಪತ್ತಮೂರು ಹಾಳೆ. ಹೋದ ವರ್ಷ ಅವನ್ನು ಸೇರಿಸಿ ಕಟ್ಟಿಕೊಡು ಎಂದು ನನ್ನ ಹತ್ತಿರ ತಂದರು. ಕಟ್ಟಿದ ಮೇಲೆ ಬೆಳಕಿಗೆ ಹಿಡಿದು ತೋರಿಸಿದರು. ಅಂಗಿಯ ಗುಂಡಿಯಷ್ಟಿದ್ದ ಗೆರೆ, ಒಂದರ ಸುತ್ತ ಒಂದು, ಒಂದರ ಸುತ್ತ ಒಂದು, ಟೀ ಲೋಟದ ಬಾಯಿಯಷ್ಟು ಆಗಿದೆ. ಹದಿನಾಲ್ಕನೇ ಹಾಳೆಯಲ್ಲಿ ಮಾತ್ರ ಗೆರೆ ಒಳಕ್ಕೆ ಸರಿದಿದೆ. ಆ ವರ್ಷ ಹಿಂದಿನ ಕಟ್ಟಡದಲ್ಲಿ ಬಾಯ್ಲರು ಹಾಕಿ ಹೊಗೆ ಇತ್ತ ಬಿಟ್ಟಿದ್ದರಂತೆ. ಮೇಡಂ ಆ ಹಾಳೆ ಹಿಡಿದುಕೊಂಡು ಹೋಗಿ ಜಗಳವಾಡಿ ಹೊಗೆಕೊಳವೆ ಎತ್ತರ ಮಾಡಿಸಿದರಂತೆ. ಮೂರನೇ ಮಹಡಿಯ ಕಿಟಕಿ ತೆರೆದು ನೀನು ದಿನವೂ ಎಳೆದುಕೊಳ್ಳುವ ಗಾಳಿ ಆ ಒಂದು ಗೆರೆಯ ಭಿಕ್ಷೆ. ಏರಿದ್ದನ್ನೂ ಇಳಿದದ್ದನ್ನೂ ಅಳೆಯುವುದು ಎಂದರೇನು ಎಂದು ನನಗೆ ಆವತ್ತು ಗೊತ್ತಾಯಿತು. ಅದಕ್ಕೆ ಮೊಣಕಾಲೂರಿ ಕೂರಬೇಕು. ಜೇಬಿನಲ್ಲಿ ಕೈಯಿಟ್ಟುಕೊಂಡು ಆಗದು.

ನಾಳೆ ಸಮಿತಿ ನಿನ್ನ ಮೂವತ್ತೊಂದನೇ ಪುಟ ಓದಿ ಒಂಬತ್ತನೇ ಕೋಣೆ ಮುಚ್ಚುತ್ತದೆ. ಕೋಣೆ ಬ್ಯಾಟರಿಯವರಿಗೆ. ಹಿಂದಿನ ಅಂಗಳ ಸ್ಕೂಟರು ನಿಲ್ಲಿಸಲು, ಅದಕ್ಕೆ ಚಪ್ಪಡಿ ಕಿತ್ತು ನೆಲ ಸಮ ಮಾಡುತ್ತಾರಂತೆ. ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ. ಈ ಗಾದೆಯಲ್ಲಿ ದೊಣ್ಣೆ ಹಿಡಿದವನು ಯಾರೆಂದು ಚಿಕ್ಕಂದಿನಲ್ಲಿ ಯೋಚಿಸಿರಲಿಲ್ಲ. ಪೆನ್ಸಿಲು ಹಿಡಿದವನೂ ಆಗಬಹುದು.

ಹತ್ತು ದಿನದ ಹಿಂದೆ ಮೇಡಂ ನಮ್ಮ ಕೋಣೆಗೆ ಬಂದು ಖಾಲಿ ರಟ್ಟಿನ ಪೆಟ್ಟಿಗೆ ಇದೆಯಾ ಎಂದು ಕೇಳಿದರು. ಯಂತ್ರದ ಯಜಮಾನರು, "ಏನ್ ಮೇಡಂ, ಮನೆ ಬದಲಾಯ್ಸ್ತೀರಾ?" ಎಂದರು. ಮೇಡಂ ನಕ್ಕು, "ನಾನಲ್ಲಪ್ಪ, ನನ್ನ ಸಬ್ಜೆಕ್ಟು. ಅದು ಇಳಿದೋಯ್ತಂತೆ. ಎಲ್ಲಿಗೆ ಇಳೀತು ಅಂತ ಕಲ್ಲಿನ ಹತ್ರ ಹೋಗಿ ನೋಡ್ದೆ. ಅದು ಅಲ್ಲೇ ಇತ್ತು" ಎಂದರು. ನಾನು ನಾಲ್ಕು ಒಳ್ಳೆಯ ಪೆಟ್ಟಿಗೆ ಹುಡುಕಿ, ತಳಕ್ಕೆ ಪಟ್ಟಿ ಅಂಟಿಸಿ, ಹಗ್ಗವೂ ಕಟ್ಟಿ ಕೊಟ್ಟೆ. ಅವರು "ಎಷ್ಟು ಅಚ್ಚುಕಟ್ಟು ಮಗೂ ನಿನ್ನ ಕೆಲಸ" ಎಂದು ನನ್ನ ತಲೆ ಸವರಿದರು. ಅವರ ಗಂಟುಮೂಟೆಯನ್ನು ನಾನೇ ಕಟ್ಟಿಕೊಟ್ಟಂತಾಯಿತು. ಅವರು ಹೋದ ಮೇಲೆ ಅಂಟಿನ ಕುಂಚ ತೊಳೆಯುವ ನೆಪದಲ್ಲಿ ನಲ್ಲಿಯ ಹತ್ತಿರ ನಿಂತು ಅತ್ತೆ.

ಯಾಕೆ ಅತ್ತೆ ಎಂದು ಬರೆಯದೆ ಈ ಪತ್ರ ಮುಗಿಸಬೇಕೆಂದಿದ್ದೆ. ಆಗುವುದಿಲ್ಲ.

ಒಂದು ವರ್ಷದ ಹಿಂದೆ, ಹೊಸ ಕಟ್ಟುಗಳನ್ನು ಹೊತ್ತು ಮೇಲೆ ಬಂದಾಗ ನೀನು ಎಣಿಸುತ್ತಿದ್ದೆ. ಎರಡು ವರ್ಷದ ಕಟ್ಟನ್ನು ಒಂದು ಎಂದು ಮುಟ್ಟಿದ್ದು ನೋಡಿದೆ. ಬಾಯಿ ತೆರೆದು, "ಸರ್, ಅದರೊಳಗೆ ಎರಡು..." ಎಂದೆ. ನೀನು ತಿರುಗಿಯೂ ನೋಡದೆ, "ಹೊಲಿಗೆ ನಿಂದು, ಲೆಕ್ಕ ನಂದು. ಇಟ್ಟು ಹೋಗಮ್ಮ" ಎಂದೆ. ನಿನ್ನ ಪಕ್ಕದ ಮೇಜಿನವನು, "ಬೈಂಡಿಂಗಿನೋರೂ ಸೈಂಟಿಸ್ಟಾಗ್ಬಿಟ್ರಲ್ಲಪ್ಪಾ!" ಎಂದ. ಎಲ್ಲರೂ ನಕ್ಕರು. ನೀನೂ ನಕ್ಕೆ. ಇದನ್ನೇ ನಾನು ನನಗೆ ನೂರು ಸಲ ಹೇಳಿಕೊಂಡಿದ್ದೇನೆ: ನಾನು ಹೇಳಹೋದೆ, ಅವನು ಬಾಯಿ ಮುಚ್ಚಿಸಿದ.

ಆದರೆ ತಿಂಗಳ ಮೊದಲ ಭಾನುವಾರ ನೀನು ಅಮ್ಮನನ್ನು ನೋಡಲು ಬರುತ್ತೀಯ. ಅಲ್ಲಿ ನಾನು ನಿನ್ನ ತಂಗಿಯಾಗಿರಲು ಅಪ್ಪಣೆ ಇದೆ. ಹನ್ನೆರಡು ಭಾನುವಾರ ನೀನು ನನ್ನಿಂದ ಎರಡಡಿ ದೂರದಲ್ಲಿ ಕೂತು ಉಂಡೆ. ಸಾರು ಬಡಿಸುತ್ತ ಹೇಳಬಹುದಿತ್ತು. ಹೇಳಲಿಲ್ಲ. ಎಲ್ಲರೂ ನನ್ನನ್ನು ನಾಚಿಕೆಯವಳು ಎನ್ನುತ್ತಾರೆ, ನಾಚಿಕೆ ಒಳ್ಳೆಯ ಹೊದಿಕೆ, ಕೆಳಗೆ ಏನು ಬೇಕಾದರೂ ಬಚ್ಚಿಡಬಹುದು. ನಾನು ಹಗೆ ಬಚ್ಚಿಟ್ಟಿದ್ದೆ. ವರದಿ ಅಚ್ಚಾಗಲಿ, ಒಂದು ದಿನ ಯಾರಾದರೂ ಪುಸ್ತಕ ತೆರೆಯಲಿ, ಎಲ್ಲರೆದುರು ಇವನ ಮೂಗು ನೆಲಕ್ಕೆ ತಾಗಲಿ ಎಂದು ಕಾದೆ. ಗೋಡೆಯ ಮೇಲೆ ಆ ಕೆಂಪು ದಾರ ಇಳಿಯುತ್ತಿದ್ದರೆ ನನಗೆ ಒಳಗೊಳಗೇ ನಗು.

ಇನ್ನೂ ಇದೆ. ಆ ಹನ್ನೊಂದರಲ್ಲಿ ನಾಲ್ಕು ಪತ್ರಿಕೆಗಳ ಕಟ್ಟು ಎರಡು ಬೆರಳಿಗಿಂತ ದಪ್ಪವಿತ್ತು. ನಿನ್ನ ಆದೇಶದ ಪ್ರಕಾರವೇ ಅವನ್ನು ಬೇರೆ ಬೇರೆ ಕಟ್ಟಬೇಕಿತ್ತು. ನಾನು ಒತ್ತುವ ಪ್ರೆಸ್ಸಿನ ಹಿಡಿಯನ್ನು ಎರಡು ಸುತ್ತು ಹೆಚ್ಚಿಗೆ ತಿರುಗಿಸಿ, ಎರಡು ದಿನ ಹಾಗೇ ಬಿಟ್ಟು, ಅವನ್ನು ತೆಳ್ಳಗೆ ಮಾಡಿ, ಸೇರಿಸಿ ಹೊಲಿದೆ. ನಿನ್ನ ಅಂಕಿ ಇನ್ನಷ್ಟು ಕುರೂಪವಾಗಲಿ ಎಂದು. ಕಲ್ಲುಹೂವೇ ಯಾಕೆ ಎಂದರೆ ಆ ರಾಶಿ ನನ್ನ ಕೈಗೆ ಹತ್ತಿರವಿತ್ತು, ಅಷ್ಟೇ. ಆ ಬೆನ್ನುಗಳ ಹಿಂದೆ ಒಬ್ಬ ಮನುಷ್ಯೆ ಮೊಣಕಾಲೂರಿ ಕೂತಿದ್ದಾಳೆಂದು ನಾನೂ ಯೋಚಿಸಲಿಲ್ಲ. ನೀನು ಎಣಿಸಿದ ಹಾಗೆಯೇ ನಾನೂ ಒತ್ತಿದೆ. ಒಂದೇ ಹೊಟ್ಟೆಯಲ್ಲಿ ಹುಟ್ಟಿದವರು ನಾವು, ಇದಕ್ಕಿಂತ ಬೇರೆ ಸಾಕ್ಷಿ ಬೇಕಿಲ್ಲ.

ಇದನ್ನೆಲ್ಲ ಬರೆದ ಮೇಲೆ ನಿನ್ನನ್ನು ಕೀಳಾಗಿ ಕಾಣುವ ಹಕ್ಕು ನನಗೆ ಉಳಿಯಲಿಲ್ಲ ಎಂದು ನೀನು ಸಮಾಧಾನ ಪಡಬೇಡ. ಹಕ್ಕಿಲ್ಲದೆಯೇ ಕಾಣುತ್ತೇನೆ. ನಾನು ತಪ್ಪು ಮಾಡಿದ ಮೇಲೆ ನಲ್ಲಿಯ ಹತ್ತಿರ ಹೋಗಿ ಅತ್ತೆ. ನೀನು ತಪ್ಪು ಕಂಡ ಮೇಲೆ ನೆಲಮಾಳಿಗೆಗೆ ಬಂದು ಸೂಜೀ ಎಂದೆ.

ನೆನಪಿದೆಯಾ, ಒಂದೇ ಚಾಪೆಯ ಮೇಲೆ ನೀನು ಮಗ್ಗಿ ಕಲಿತದ್ದು? ನಾನು ಬೋರಲು ಮಲಗಿ ಗೊಂಬೆಗೆ ಅಂಗಿ ಹೊಲಿಯುತ್ತಿದ್ದರೆ, ನೀನು ಪೆನ್ಸಿಲಿನಿಂದ ನನ್ನ ಬೆನ್ನಿನ ಮೇಲೆ ಟಕ್ ಟಕ್ ಎಂದು ಬಡಿಯುತ್ತ ಎಣಿಸುತ್ತಿದ್ದೆ. ಏಳೆಂಟಲ ಎಷ್ಟು ಎಂದರೆ ಯಾವಾಗಲೂ ಒಂದು ಪೆಟ್ಟು ತಪ್ಪುತ್ತಿದ್ದೆ. ನನಗೆ ಬೆನ್ನಿಗೇ ಗೊತ್ತಾಗುತ್ತಿತ್ತು. "ಅಣ್ಣಾ, ಐವತ್ತೈದೇ ಆಯ್ತು" ಎನ್ನುತ್ತಿದ್ದೆ. ಆಗ ನೀನು ನಕ್ಕು ಇನ್ನೊಂದು ಪೆಟ್ಟು ಹಾಕುತ್ತಿದ್ದೆ. ಆಗ ನನ್ನ ಮಾತಿಗೆ ನೀನು ಸಿಟ್ಟಾಗುತ್ತಿರಲಿಲ್ಲ. ಐದನೇ ಕ್ಲಾಸಾದ ಮೇಲೆ ನನ್ನನ್ನು ಬಿಡಿಸಿ ಅಮ್ಮನ ಜೊತೆ ಗುಂಡಿ ಹೊಲಿಯಲು ಕೂರಿಸಿದರು, ನೀನು ಮುಂದೆ ಹೋಗಬೇಕಿತ್ತು. ಅದಕ್ಕೆ ನಾನು ನಿನ್ನನ್ನು ಬೈದಿಲ್ಲ, ಈಗಲೂ ಬೈಯುವುದಿಲ್ಲ. ಇಲ್ಲಿ ಕೆಲಸ ಕೊಡಿಸಿದವನೂ ನೀನೇ. ಆದರೆ ಆವತ್ತು ನಿನ್ನ ಮೇಜಿನ ಮೇಲೊಂದು ಫಾರಂ ಇತ್ತು: ಈ ಕಟ್ಟಡದಲ್ಲಿ ಸಂಬಂಧಿಕರು ಇದ್ದಾರೆಯೇ? ನೀನು ನನ್ನ ಕಣ್ಣೆದುರೇ "ಯಾರೂ ಇಲ್ಲ" ಎಂದು ಬರೆದು, "ಹೊರಗಡೆ ಸರ್ ಅನ್ನು, ಆಯ್ತಾ? ಜನ ಏನೇನೋ ಅಂದ್ಕೊಳ್ತಾರೆ" ಎಂದೆ. ಜನ ಏನಂದುಕೊಳ್ಳುತ್ತಿದ್ದರು? ಮೂರನೇ ಮಹಡಿಯ ಸಾಹೇಬರ ತಂಗಿ ಅಂಟು ಕಲಸುತ್ತಾಳೆ ಎಂದು. ಅದರಲ್ಲಿ ತಪ್ಪೇನಿತ್ತು, ಅಂಟು ಚೆನ್ನಾಗಿಯೇ ಕಲಸುತ್ತೇನೆ.

ಸರಿ, ನಿನ್ನ ಕೆಲಸಕ್ಕೆ ಉತ್ತರ. ಮತ್ತೆ ಹೊಲಿಯುವುದಿಲ್ಲ. ಹತ್ತು ದಿನದಿಂದ ದಿನಕ್ಕೊಂದೆರಡು ಕಟ್ಟಿನ ಹೊಲಿಗೆ ಬಿಚ್ಚಿ, ಒಂದೊಂದು ವರ್ಷವನ್ನು ಬೇರೆ ಬೇರೆ ಕಟ್ಟಿ, ಇಪ್ಪತ್ತೆರಡನ್ನೂ ಕಪಾಟಿಗೆ ಏರಿಸಿದ್ದೇನೆ. ಬೆನ್ನಿಗೆ ಒಳಗಿನಿಂದ ಒಂದು ಕಾಗದದ ಪಟ್ಟಿ ಅಂಟಿಸಬೇಕಾಗುತ್ತದೆ, ಇಲ್ಲದಿದ್ದರೆ ಬೆನ್ನು ನಿಲ್ಲುವುದಿಲ್ಲ. ಅದಕ್ಕೆ ರದ್ದಿ ಕಾಗದ ಸಾಕು. ಅಚ್ಚುಕೂಟದಿಂದ ನಿನ್ನ ವರದಿಯ ಕೆಟ್ಟ ಪ್ರೂಫುಗಳು ಒಂದು ರಾಶಿ ಬಂದು ಬಿದ್ದಿದ್ದವು. ಕತ್ತರಿಸಿ ಅಂಟಿಸಿದೆ. ಕಲ್ಲುಹೂವಿನ ಇಪ್ಪತ್ತೆರಡು ಬೆನ್ನುಗಳನ್ನೂ ಒಳಗಿನಿಂದ ನಿನ್ನ "ಅರ್ಧಕ್ಕರ್ಧ ಕುಸಿತ" ಎತ್ತಿ ಹಿಡಿದಿದೆ. ನಿನ್ನ ಬರಹ ಒಂದು ಶಾಸ್ತ್ರಕ್ಕೆ ಉಪಯೋಗವಾದದ್ದು ಇದೇ ಮೊದಲು.

ಈ ಪತ್ರ ಮುಗಿಸಿ ಒಂಬತ್ತನೇ ಕೋಣೆಗೆ ಹೋಗುತ್ತೇನೆ. ನನ್ನ ಪಾಲಿನದನ್ನು, ಪ್ರೆಸ್ಸಿನ ಎರಡು ಸುತ್ತಿನ ಸಮೇತ, ಮೇಡಂಗೆ ಹೇಳುತ್ತೇನೆ. ನಾಲಿಗೆ ಏಳದಿದ್ದರೆ ಬರೆದು ಕೈಗೆ ಕೊಡುತ್ತೇನೆ. ಅವರು ಬೈದರೆ ಬೈಸಿಕೊಳ್ಳುತ್ತೇನೆ. ಕೆಲಸ ಹೋದರೆ ಅಮ್ಮನ ಪಕ್ಕ ಗುಂಡಿ ಹೊಲಿಯಲು ಜಾಗ ಇದ್ದೇ ಇದೆ. ನಿನ್ನ ಪಾಲಿನದನ್ನು ನಾನು ಹೇಳುವುದಿಲ್ಲ. ಅದು ನೀನು ಹೇಳಬೇಕಾದದ್ದು, ನಾಳೆ, ಎದ್ದು ನಿಂತು, ಎರಡು ಕೈಯನ್ನೂ ಜೇಬಿನಿಂದ ತೆಗೆದು.

ಊಟದ ಗಂಟೆ ಮುಗಿಯಿತು. ಯಂತ್ರದ ಯಜಮಾನರು ಬರುವ ಸದ್ದು ಕೇಳುತ್ತಿದೆ.

ನಿನ್ನ ಬೆನ್ನಿಗೆ ಹುಟ್ಟಿದವಳು,
ಸೂಜಿ

ತಾ.ಕ.: ಯಾವ ಕಾಗದ ಬಂದರೂ ಕೊನೆಯ ಸಾಲು ಮೊದಲು ಓದುವ ನಿನ್ನ ಚಾಳಿ ಹೋಗಿರಲಾರದು, ಆದ್ದರಿಂದ ಮುಖ್ಯವಾದದ್ದನ್ನು ಇಲ್ಲಿ ಬರೆಯುತ್ತೇನೆ. ನಾಳೆಯ ಸಭೆಗೆ ನಿನ್ನ ವರದಿಯ ಒಂಬತ್ತು ಪ್ರತಿ ಕಟ್ಟುವುದು ಈ ಮಧ್ಯಾಹ್ನದ ನನ್ನ ಕೆಲಸ. ಸಂಜೆ ನೀನು ಬಂದು ಒಂದನ್ನೂ ತೆರೆಯದೆ, ಒಂಬತ್ತು ಬೆನ್ನು ಎಣಿಸಿಕೊಂಡು ಹೋಗುತ್ತೀಯ. ಆ ಧೈರ್ಯದ ಮೇಲೆ ಪ್ರತಿಯೊಂದರಲ್ಲೂ ಮೂವತ್ತೊಂದನೇ ಪುಟದ ಎದುರಿಗೆ ಒಂದು ಹಾಳೆ ಹೆಚ್ಚಿಗೆ ಸೇರಿಸುತ್ತಿದ್ದೇನೆ. ಎಡಗಡೆ ತಪ್ಪು, ಬಲಗಡೆ ಒಪ್ಪು ಎಂದು ಬರೆದು ನಡುವೆ ಗೆರೆ ಎಳೆದಿದ್ದೇನೆ. ಎಂಟು ಸದಸ್ಯರ ಪ್ರತಿಗಳಲ್ಲಿ ಆ ಹಾಳೆ ಖಾಲಿ. ಇದೇನು ಎಂದು ಅವರು ನಿನ್ನನ್ನು ಕೇಳುತ್ತಾರೆ. ನನಗೆ ಕೇಳಲು ಬಾಯಿ ಬರುವುದಿಲ್ಲ, ಅವರಿಗೆ ಬರುತ್ತದೆ. ಅಧ್ಯಕ್ಷರ ಪಕ್ಕ ನಿನ್ನ ಕೈಯಲ್ಲಿರುವ, ರಟ್ಟಿನ ಮೇಲೆ ನಿನ್ನ ಹೆಸರಿರುವ ಒಂಬತ್ತನೆಯದರಲ್ಲಿ ಈ ಪತ್ರವನ್ನೂ ಹೊಲಿಯುತ್ತೇನೆ, ಸಿಗಿದರೆ ವರದಿಯೂ ಹರಿಯುತ್ತದೆ. ಅದರ ಹಾಳೆಯಲ್ಲಿ ಮಾತ್ರ, ನಿನಗೆ ರೂಢಿಯಾಗಲಿ ಎಂದು, ಮೊದಲ ಸಾಲನ್ನು ನಾನೇ ತುಂಬಿದ್ದೇನೆ. ತಪ್ಪು: ಯಾರೂ ಇಲ್ಲ. ಒಪ್ಪು: ಒಬ್ಬಳಿದ್ದಾಳೆ, ನೆಲಮಾಳಿಗೆಯಲ್ಲಿ.